ಬಾಕಿ ಇಟ್ಟ ಹಬ್ಬದ ಊಟ

ಬಚ್ಚಲ ಒಲೆಯ ಹತ್ತಿರ ಕ್ಯಾನ್ವಾಸ್ ಶೂ ಒಣಗಲು ಇಟ್ಟರೆ ಬರುವ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ರಬ್ಬರು, ತೆಂಗಿನ ಸಿಪ್ಪೆಯ ಹೊಗೆ, ಒದ್ದೆ ಬಟ್ಟೆ, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಈ ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಬೆಳಿಗ್ಗೆ, ವಾಕಿಂಗ್ ಮುಗಿಸಿ ಬಂದು ನನ್ನ ಶೂಗಳನ್ನು ಹಂಡೆಯ ಪಕ್ಕದಲ್ಲಿ ನೇತುಹಾಕಿ ಅಡುಗೆಮನೆಗೆ ನಡೆದೆ. ಚಾ ಕುದಿ ಬರುವ ಹೊತ್ತಿಗೆ ಆ ವಾಸನೆ ನನ್ನ ಬೆನ್ನಿಗೇ ಬಂತು. ಯಾವ ಯೋಚನೆಯೂ ಇಲ್ಲದೆ, "ಜೆನಿ, ಶೂ ತಿರುಗಿಸಿ ಇಡು, ಸುಟ್ಟು ಹೋದೀತು!" ಎಂದು ಕೂಗಿಬಿಟ್ಟೆ.

ಹಿತ್ತಲಲ್ಲಿ ಹಗ್ಗದಿಂದ ಒದ್ದೆ ಬಟ್ಟೆ ಎಳೆದುಕೊಳ್ಳುತ್ತಿದ್ದ ಪಕ್ಕದ ಮನೆಯ ಸುಮತಿಗೆ ಅದು ಕೇಳಿಸಿತು.

"ಯಾರಿಗೆ ಬಾಯಮ್ಮ ಆರ್ಡರ್? ಲೆಫ್ಟಿನೆಂಟಿಗಾ?" ಎಂದು ಕಾಂಪೌಂಡಿನ ಆಚೆಯಿಂದ ನಕ್ಕಳು. ನಮ್ಮಂಥ ಕ್ರಿಸ್ತಿಯನ್ ಹೆಂಗಸರನ್ನು ಇಲ್ಲಿಯವರು ಕರೆಯುವುದು ಬಾಯಮ್ಮ ಎಂದೇ.

ಲೆಫ್ಟಿನೆಂಟ್ ಜೆನಿಶಾ, ನನ್ನ ಮೊಮ್ಮಗಳು, ಈಗ ಇರುವ ಊರಿನ ಹೆಸರನ್ನು ಫೋನಿನಲ್ಲಿ ಹೇಳುವುದಿಲ್ಲ. ಅಲ್ಲಿ ಹಿಮ ಬೀಳುತ್ತದೆ ಎಂದಷ್ಟೇ ಗೊತ್ತು. ಆದರೆ ಅವಳನ್ನು ಅಲ್ಲಿಗೆ ತಲುಪಿಸಿದ ಒಂದು ಮಳೆಗಾಲ ಮಂಗಳೂರಿನ ಈ ಬಿಜೈಯ ಮನೆಯಲ್ಲಿ, ಈ ಹೊಗೆ ಹಿಡಿದ ಬಚ್ಚಲಿನಲ್ಲಿ ನಡೆದದ್ದು. ಆ ಕಥೆಯನ್ನು ಸುಮತಿ ಊರಿಡೀ ತನಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾಳೆ. ನಾನೊಮ್ಮೆ ಸರಿಯಾಗಿ ಬರೆದಿಡುವುದು ಒಳ್ಳೆಯದು.

ಅದು ಜೆನಿಶಾಳ ಡಿಗ್ರಿ ಮುಗಿದ ವರ್ಷ. ನನ್ನ ಮಗಳು ಲವೀನಾ ಕುವೈಟಿನಲ್ಲಿ ನರ್ಸ್. ಅಳಿಯ ರೋಶನ್ ಕೂಡ ಅಲ್ಲೇ, ಒಂದು ತೈಲ ಕಂಪನಿಯಲ್ಲಿ. ಓದಿಗೆ ಮಂಗಳೂರೇ ಸರಿಯೆಂದು ಪಿಯುಸಿಗೆ ಹುಡುಗಿಯನ್ನು ನನ್ನ ಹತ್ತಿರ ಬಿಟ್ಟಿದ್ದರು. ಕಾಲೇಜಿನಲ್ಲಿ ಅವಳು ಎನ್‌ಸಿಸಿ ಸೇರಿದಾಗ ಖಾಕಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟವಳು ನಾನೇ. ಗಿಟಾರ್ ಕ್ಲಾಸಿನ ಹಾಗೆ ಇದೂ ನಾಲ್ಕು ದಿನದ ಹುಚ್ಚು, ಇಳಿದು ಹೋಗುತ್ತದೆ ಎಂದುಕೊಂಡಿದ್ದೆ. ಒಂದು ದಿನ ಚಾ ಕುಡಿಯುತ್ತಾ ಹೇಳಿದಳು (ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ):

"ಗ್ರ್ಯಾನಿ, ನಾನು ಆರ್ಮಿಗೆ ಹೋಗ್ತೇನೆ. ಆಫೀಸರ್ ಆಗಿ."

"ಆಫೀಸರ್ ಆಗಿ?"

"ಮತ್ತೆಂತ, ಆಫೀಸರನ ಹೆಂಡತಿ ಆಗಿಯಾ?"

ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು ಅದು. ನಮ್ಮ ಕಾನ್ವೆಂಟಿನಲ್ಲಿ ಹುಡುಗಿಯರ ಮುಂದೆ ಇದ್ದ ದಾರಿಗಳು ಮೂರೇ. ಟೀಚರ್, ನರ್ಸ್, ನನ್. ಆಫೀಸರ್ ಎಂದರೆ ಅದೃಷ್ಟ ಇದ್ದರೆ ಮದುವೆಯಾಗಲು ಸಿಗುವ ಒಬ್ಬ ಮನುಷ್ಯ. ಡ್ರಿಲ್ ಕ್ಲಾಸಿನಲ್ಲಿ ನಾನು ಎಲ್ಲರಿಗಿಂತ ಮುಂದೆ ಇದ್ದವಳು. ಸಿಸ್ಟರ್ ಸೀಟಿ ಊದಿ, "ಶೋಲ್ಡರ್ಸ್ ಬ್ಯಾಕ್, ಗರ್ಲ್ಸ್! ಚಿನ್ಸ್ ಅಪ್!" ಎನ್ನುತ್ತಿದ್ದರು. ಅಷ್ಟು ನೆಟ್ಟಗಿನ ಭುಜ ಇಟ್ಟುಕೊಂಡು ಮುಂದೆ ಎಲ್ಲಿಗೆ ನಡೆಯಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ನಾನು ಶಾಲೆಗೆ ನಡೆದೆ, ಇಂಗ್ಲಿಷ್ ಗ್ರಾಮರ್ ಕಲಿಸಿದೆ, ರಿಟೈರ್ ಆದೆ. ದುಃಖವೇನೂ ಇಲ್ಲ. ಆದರೂ ಆ ಸಂಜೆ ಚಾ ಲೋಟ ತೊಳೆಯುವಾಗ ಭುಜ ತನ್ನಷ್ಟಕ್ಕೆ ಹಿಂದೆ ಹೋಯಿತು.

ಆಫೀಸರ್ ಆಗುವ ದಾರಿಗೆ ಒಂದಾದ ಮೇಲೆ ಒಂದು ಗೇಟು. ಮೊದಲು ಬರೆಯುವ ಪರೀಕ್ಷೆ. ಅದು ದಾಟಿದರೆ ಸೆಲೆಕ್ಷನ್ ಬೋರ್ಡು. ಅಲ್ಲಿ ದಿನಗಟ್ಟಲೆ ಇಟ್ಟುಕೊಂಡು ಓಡಿಸುತ್ತಾರೆ, ಮಾತಾಡಿಸುತ್ತಾರೆ, ಮನಸ್ಸನ್ನು ಬಗೆದು ನೋಡುತ್ತಾರೆ. ಅದನ್ನೂ ದಾಟಿದರೆ ಕೊನೆಗೆ ಮಿಲಿಟರಿ ಆಸ್ಪತ್ರೆಯಲ್ಲಿ ಮೆಡಿಕಲ್. ಜುಲೈ ತಿಂಗಳ ಒಂದು ಮಧ್ಯಾಹ್ನ ಹಂಚಿನ ಮೇಲೆ ಮಳೆ ಹೊಡೆಯುತ್ತಿದ್ದಾಗ ಫೋನ್ ಬಂತು. ಮಳೆಯ ಶಬ್ದದಲ್ಲಿ ನನಗೆ ಕೇಳಿದ್ದು ಒಂದೇ ಶಬ್ದ: "ರೆಕಮೆಂಡೆಡ್!" ಬೋರ್ಡಿನ ಗೇಟು ದಾಟಿಯಾಗಿತ್ತು. ಅವಳ ಜೊತೆಗೆ ಬಂದಿದ್ದವರಲ್ಲಿ ಹೆಚ್ಚಿನವರು ಸಂಜೆಯ ಟ್ರೈನಿಗೆ ವಾಪಸು ಹೊರಟಿದ್ದರು.

ಇಲ್ಲಿಯವರೆಗೆ ಎಲ್ಲ ಸರಿ. ಕೆಟ್ಟದ್ದು ಇಲ್ಲಿಂದ ಮುಂದೆ.

ನಮ್ಮ ಊರಿನಲ್ಲಿ ದೂರ ಹೋಗುವವರನ್ನು ಬರೀ ಬಾಯಿಮಾತಿನಲ್ಲಿ ಕಳುಹಿಸುವ ಕ್ರಮ ಇಲ್ಲ. ತಿನ್ನಿಸಿ ಕಳುಹಿಸುತ್ತೇವೆ. ಗಲ್ಫಿಗೆ ಹೋಗುವವರಿಗೂ ಅದೇ, ಕಾನ್ವೆಂಟ್ ಸೇರುವವರಿಗೂ ಅದೇ. ಮೆಡಿಕಲ್ ಇನ್ನೂ ಬಾಕಿ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆರೋಗ್ಯದ ಹುಡುಗಿ, ಅದೊಂದು ಫಾರ್ಮಾಲಿಟಿ ಎಂದುಕೊಂಡೆವು. ಮೊದಲು ಇಗರ್ಜಿಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಪೂಜೆ, ನಂತರ ನಮ್ಮ ಮನೆಯಲ್ಲಿ ಇಡ್ಲಿಯಂಥ ಸನ್ನಾ, ಹಂದಿ ಮಾಂಸದ ಬಫಾತ್. ಬೋಳಾರದ ನನ್ನ ತಮ್ಮನ ಮನೆಯಲ್ಲಿ ಬಿರಿಯಾನಿ. ಕೂಳೂರಿನ ತಂಗಿಯ ಮನೆಯಲ್ಲಿ ಒಂದು ಭಾನುವಾರ ಪೂರ್ತಿ. ಸುಮತಿಯಂತೂ ಮೂರು ದಿನಕ್ಕೊಮ್ಮೆ ಕಾಂಪೌಂಡಿನ ಮೇಲಿಂದ ಪಾತ್ರೆ ದಾಟಿಸುತ್ತಿದ್ದಳು. ಒಮ್ಮೆ ಪತ್ರೊಡೆ, ಒಮ್ಮೆ ನೀರುದೋಸೆ, ಒಮ್ಮೆ ಕೋರಿ ರೊಟ್ಟಿ.

"ಸಾಕು ಸುಮತಿ ಆಂಟಿ," ಎಂದು ಜೆನಿ ಹೇಳಿದರೆ, "ಎಂತ ಸಾಕು ಮಾರಾಯ್ತಿ? ಬಂದೂಕು ಹೊರ್ಲಿಕ್ಕೆ ತಾಕತ್ತು ಬೇಡ್ವಾ? ಬಾಯಮ್ಮ, ಅವಳಿಗೆ ಇನ್ನೊಂದು ತುಂಡು ಹಾಕಿ," ಎನ್ನುವಳು. ನಾನು ಹಾಕುತ್ತಿದ್ದೆ.

ಮೆಡಿಕಲ್ ಮುಗಿಸಿ ಬೆಂಗಳೂರಿನಿಂದ ಬೆಳಗಿನ ಬಸ್ಸಿನಲ್ಲಿ ಬಂದವಳು ಬಿಜೈ ಬಸ್ ಸ್ಟ್ಯಾಂಡಿನಿಂದ ಮನೆಗೆ ರಿಕ್ಷಾ ಕೂಡ ಮಾಡದೆ, ಮಳೆಯಲ್ಲಿ ನೆನೆಯುತ್ತಾ ನಡೆದುಕೊಂಡೇ ಬಂದಳು. ಮೆಟ್ಟಿಲಲ್ಲಿ ಕುಳಿತು ಶೂ ಬಿಚ್ಚತೊಡಗಿದಳು. ನಾನು ಟವೆಲ್ ತಂದು ಅವಳ ತಲೆಯ ಮೇಲೆ ಹಾಕಿದೆ.

"ಎಂತ ಆಯ್ತು ಪುತಾ?"

"ಕಣ್ಣು ಒಳ್ಳೆದುಂಟು. ಕಿವಿ ಒಳ್ಳೆದುಂಟು. ಹಾರ್ಟ್ ಒಳ್ಳೆದುಂಟು," ಎಂದಳು ಲೇಸ್ ಎಳೆಯುತ್ತಾ. "ನಾನು ಮಾತ್ರ ಜಾಸ್ತಿ ಉಂಟು."

ಎತ್ತರಕ್ಕೆ ಇಷ್ಟೇ ತೂಕ ಇರಬೇಕೆಂದು ಅವರದ್ದೊಂದು ಲೆಕ್ಕ. ಅದನ್ನು ಅವಳು ಕೆಲವು ಕಿಲೋಗಳಿಂದ ದಾಟಿದ್ದಳು. ಸದ್ಯಕ್ಕೆ ಅನ್‌ಫಿಟ್. ಸೆಪ್ಟೆಂಬರಿನಲ್ಲಿ, ನಮ್ಮ ಮೊಂತಿ ಹಬ್ಬ ಕಳೆದ ಮೇಲೆ, ಇನ್ನೊಮ್ಮೆ ನೋಡುತ್ತಾರೆ. ಆಗಲೂ ತೂಕ ಇಳಿಯದಿದ್ದರೆ ಈ ಬ್ಯಾಚಿನಲ್ಲಿ ಜಾಗ ಇಲ್ಲ. ಪರೀಕ್ಷೆ, ಬೋರ್ಡು ಎಲ್ಲ ಮತ್ತೆ ಮೊದಲಿನಿಂದ.

ಸುಮತಿ ವಿಷಯ ಕೇಳಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ದೇವರೇ! ನನ್ನ ಕೋರಿ ರೊಟ್ಟಿಯಾ ಬಾಯಮ್ಮ?"

"ನಿನ್ನದು ಮಾತ್ರ ಅಲ್ಲ. ಬೋಳಾರದಿಂದ ಕೂಳೂರಿನವರೆಗೆ ಎಲ್ಲರದ್ದೂ ಉಂಟು," ಎಂದೆ.

ನಗು ಬರಬೇಕಾದ ಮಾತು. ಯಾರಿಗೂ ನಗು ಬರಲಿಲ್ಲ.

ಸಂಜೆ ಲವೀನಾಳ ವಿಡಿಯೋ ಕಾಲ್. ಅವಳಿಗೆ ಸೇನೆಯ ಮಾತು ಮೊದಲಿನಿಂದಲೂ ಇಷ್ಟವಿರಲಿಲ್ಲ. ತನ್ನ ಆಸ್ಪತ್ರೆಯ ಆಫೀಸಿನಲ್ಲಿ ಮಗಳಿಗೆ ಒಂದು ಕೆಲಸ ನೋಡಿ ಇಟ್ಟಿದ್ದಳು. "ಮಮ್ಮಿ, ದೇವರೇ ಬೇಡ ಅಂತ ಹೇಳಿದ್ದು ಇದು. ನೀನು ಇನ್ನು ಅವಳನ್ನು ಅಟ್ಟಕ್ಕೆ ಏರಿಸ್ಬೇಡ. ಈ ಮೆಡಿಕಲಲ್ಲಿ ಆಗದಿದ್ರೆ ಸೀದಾ ಇಲ್ಲಿಗೆ ಬರ್ಬೇಕು. ನಾನು ಆಫೀಸಿನಲ್ಲಿ ಮಾತಾಡಿ ಆಗಿದೆ. ಮತ್ತೆ ಒಂದು ವರ್ಷ ಕಾಯ್ಲಿಕ್ಕೆ ನಾನು ಬಿಡುದಿಲ್ಲ."

"ದೇವರು ಹೇಳಿದ್ದಲ್ಲ ಮಮ್ಮಿ, ತೂಕದ ಮೆಷಿನ್ ಹೇಳಿದ್ದು," ಎಂದಳು ಜೆನಿಶಾ. "ಆದ್ರೆ ಆಯ್ತು. ಆಗದಿದ್ರೆ ಬರ್ತೇನೆ. ಪ್ರಾಮಿಸ್."

ಫೋನ್ ಇಟ್ಟ ಮೇಲೆ ನಾನು ಅವಳನ್ನು ಬೈದೆ. ಯಾಕೆ ಪ್ರಾಮಿಸ್ ಮಾಡಿದ್ದು? ಅವಳು ನನ್ನನ್ನೇ ನೋಡಿ, "ಆಗುದಿಲ್ಲ ಅಂತ ನಿನಗೆ ಡೌಟ್ ಉಂಟಾ ಗ್ರ್ಯಾನಿ?" ಎಂದಳು. ನನಗೆ ಡೌಟ್ ಇತ್ತು. ಇಲ್ಲ ಎಂದೆ. ಇಲ್ಲ ಎಂದ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕಲ್ಲ. ಮರುದಿನ ಪೇಟೆಗೆ ಹೋಗಿ ನನಗೂ ಒಂದು ಜೊತೆ ಕ್ಯಾನ್ವಾಸ್ ಶೂ ತಂದೆ. ಅಂಗಡಿಯವನು, "ಮೊಮ್ಮಕ್ಕಳಿಗಾ ಮೇಡಂ?" ಎಂದು ಕೇಳಿದ. "ನನಗೆ. ಕಪ್ಪು ಕೊಡು, ಕೆಸರು ಕಾಣುದು ಬೇಡ," ಎಂದೆ.

ಮಂಗಳೂರಿನ ಆಗಸ್ಟಿನಲ್ಲಿ ಓಡುವುದು ಎಂದರೆ ಏನು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೈದಾನದಲ್ಲಿ ಮೊಣಕಾಲಿನವರೆಗೆ ಕೆಸರು. ಹಾಗಾಗಿ ಕದ್ರಿ ಕಡೆಗೆ ಏರುವ ರಸ್ತೆಯನ್ನು ಹಿಡಿದೆವು. ಅವಳು ಮೇಲಿನವರೆಗೆ ಓಡಿ ಇಳಿದು ಬಂದು ಮತ್ತೆ ಓಡುವುದು, ನಾನು ಕೊಡೆ ಹಿಡಿದು ಅರ್ಧ ಏರು ಹತ್ತಿ ಇಳಿಯುವುದು. ನಡುವೆ ಎದುರಾದಾಗ ಅವಳು ಏದುಸಿರಿನಲ್ಲಿ, "ಗುಡ್ ಮಾರ್ನಿಂಗ್ ಮ್ಯಾಡಮ್," ಎಂದು ಸಲ್ಯೂಟ್ ಹೊಡೆದು ಮುಂದೆ ಹೋಗುತ್ತಿದ್ದಳು. ಮನೆಗೆ ಬಂದರೆ ಎರಡು ಜೊತೆ ಶೂ ಬಚ್ಚಲ ಒಲೆಯ ಹತ್ತಿರ. ಒಳಗೆ ಹಳೆಯ ಪೇಪರ್ ತುರುಕಿ, ಸಂಜೆಯವರೆಗೆ ತಿರುಗಿಸಿ ತಿರುಗಿಸಿ ಇಡುವುದು. ಪೂರ್ತಿ ಒಣಗಿದ್ದು ಒಂದು ದಿನವೂ ಇಲ್ಲ. ಅರ್ಧ ಒದ್ದೆ ಶೂಗೆ ಬೆಳಿಗ್ಗೆ ಕಾಲು ತುರುಕುವಾಗ ಮೈಯೆಲ್ಲ ಮುಳ್ಳು ಏಳುತ್ತಿತ್ತು.

ಹುಡುಗಿಗೆ ಅದು ಸಾಲಲಿಲ್ಲ. ಬೇಗ ಇಳಿಯಲಿ ಎಂದು ನನಗೆ ತಿಳಿಯದ ಹಾಗೆ ಊಟ ಬಿಡತೊಡಗಿದಳು. ಮಧ್ಯಾಹ್ನದ ಅನ್ನ ಬೆಕ್ಕಿಗೆ, ರಾತ್ರಿಯದ್ದು "ಹಸಿವಿಲ್ಲ ಗ್ರ್ಯಾನಿ". ಒಂದು ಬೆಳಿಗ್ಗೆ ಏರಿನ ನಡುವೆ ಕಣ್ಣು ಕತ್ತಲೆ ಬಂದು ಚರಂಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ತುಟಿ ಬೆಳ್ಳಗಾಗಿತ್ತು. ಮನೆಗೆ ಕರೆತಂದು ಸಕ್ಕರೆ ನೀರು ಕುಡಿಸಿದೆ. ನಂತರ ಬೇರೇನೂ ತೋಚದೆ ಲವೀನಾಗೇ ಫೋನ್ ಮಾಡಿದೆ. ಈಗ ಖಂಡಿತ "ನಿಲ್ಲಿಸಿ" ಎನ್ನುತ್ತಾಳೆ ಎಂದು ಗೊತ್ತಿದ್ದೇ ಮಾಡಿದ್ದು.

ಅವಳು ಡ್ಯೂಟಿಯ ನಡುವೆ ಯುನಿಫಾರ್ಮಿನಲ್ಲೇ ಫೋನ್ ಎತ್ತಿದಳು. "ಕಣ್ಣಿನ ಕೆಳಗಿನ ರೆಪ್ಪೆ ಎಳೆದು ತೋರಿಸು," ಎಂದಳು ಮಗಳಿಗೆ. ತೋರಿಸಿದಳು. "ಉಗುರು ತೋರಿಸು." ತೋರಿಸಿದಳು. ಆಮೇಲೆ ಬೈಗುಳ ಶುರುವಾಯಿತು, ಆದರೆ ನಾನು ನೆನೆಸಿದ ಬೈಗುಳ ಅಲ್ಲ.

"ಎಂಥ ಈಡಿಯಟ್ಸ್ ನೀವಿಬ್ರು! ಹೀಗೆ ಉಪವಾಸ ಕೂತ್ರೆ ಹಿಮೋಗ್ಲೋಬಿನ್ ಇಳಿಯುದಿಲ್ವಾ? ತೂಕದಲ್ಲಿ ಪಾಸಾಗಿ ರಕ್ತದಲ್ಲಿ ಫೇಲಾಗ್ತಿ ನೀನು. ಆರ್ಮಿ ಡಾಕ್ಟ್ರು ಅದನ್ನು ಬಿಡ್ತಾರಾ? ಮಮ್ಮಿ, ಬರ್ಕೊ. ಬೆಳಿಗ್ಗೆ ಎರಡು ಮೊಟ್ಟೆ. ಮಧ್ಯಾಹ್ನ ಅನ್ನ ಒಂದು ಸೌಟು, ಮೀನು ಎಷ್ಟು ಬೇಕಾದ್ರೂ, ಎಣ್ಣೆಯಲ್ಲಿ ಕಾಯಿಸಿದ್ದಲ್ಲ, ಗಸಿ ಮಾಡು. ಹರಿವೆ ಸೊಪ್ಪು ದಿನಾ. ತೆಂಗಿನಕಾಯಿ ಕಮ್ಮಿ."

"ತೆಂಗಿನಕಾಯಿ ಕಮ್ಮಿ ಮಾಡಿದ್ರೆ ಗಸಿ ಹೇಗೆ ಆಗ್ತದೆ?" ಎಂದೆ.

"ಕೆಟ್ಟದಾಗಿ ಆಗ್ತದೆ. ಆಗ್ಲಿ." ಫೋನ್ ಇಡುವ ಮೊದಲು ಹೇಳಿದಳು: "ನಾನು ಒಪ್ಪಿದೆ ಅಂತ ತಿಳ್ಕೊಬೇಡಿ. ನರ್ಸ್ ಆಗಿ ಹೇಳ್ತಿದ್ದೇನೆ."

ಅಲ್ಲಿಂದ ಅವಳು ಪ್ರತಿದಿನ ಫೋನ್ ಮಾಡಿದಳು. ನರ್ಸ್ ಆಗಿ. ತಟ್ಟೆಯನ್ನು ಕ್ಯಾಮೆರಾಗೆ ತೋರಿಸಬೇಕು. ಒಮ್ಮೆ ಅನ್ನದ ಕೆಳಗೆ ಸುಮತಿ ಕೊಟ್ಟ ಒಂದು ಕೋಳಿ ತುಂಡು ಅಡಗಿದ್ದನ್ನು ಕುವೈಟಿನಿಂದಲೇ ಹಿಡಿದಳು. ಮಗಳನ್ನು ಫೇಲ್ ಮಾಡಿಸಬೇಕೆಂದಿದ್ದರೆ ಅವಳು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಕೆಲಸ ಗೊತ್ತಿದ್ದವರಿಗೆ ಹಾಗೆ ಸುಮ್ಮನಿರಲು ಆಗುವುದಿಲ್ಲ. ಅದನ್ನು ನಾನು ನನ್ನ ಮಗಳಲ್ಲಿ ಆ ಮಳೆಗಾಲದಲ್ಲಿ ನೋಡಿದೆ.

ಸುಮತಿ ಪಾತ್ರೆ ದಾಟಿಸುವುದನ್ನು ನಿಲ್ಲಿಸಿದಳು. ಅಷ್ಟೇ ಅಲ್ಲ, ನಮ್ಮ ಗೇಟಿನಲ್ಲಿ ಕಾವಲಿಗೆ ನಿಂತಳು. ಬೋಳಾರದಿಂದ ನನ್ನ ತಮ್ಮ ಕೇಕ್ ಹಿಡಿದು ಬಂದಾಗ, "ಒಳಗೆ ನೀವು ಮಾತ್ರ ಬನ್ನಿ, ಅದು ಇಲ್ಲಿ ಇರ್ಲಿ," ಎಂದು ಡಬ್ಬಿ ಕಿತ್ತುಕೊಂಡಳಂತೆ. ಕೇಕ್ ಅವಳ ಮನೆಯಲ್ಲೇ ಮುಗಿಯಿತು. ಅದಕ್ಕೆ ನನಗೆ ಇನ್ನೂ ಸಮಾಧಾನ ಇಲ್ಲ.

ತೂಕ ಇಳಿಯಿತು, ಆಮೇಲೆ ನಿಂತಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಮೆಡಿಕಲ್ ಶಾಪಿನ ಮೆಷಿನ್ ದಿನಾ ಒಂದೇ ಅಂಕಿ ತೋರಿಸುತ್ತಿತ್ತು, ಬೇಕಾದುದಕ್ಕಿಂತ ತುಸು ಮೇಲೆ. ಜಡಿಮಳೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಜೆನಿಶಾ ಜಗಲಿಯಲ್ಲಿ ಕುಳಿತು ಒಂದು ಶೂ ಹಾಕಿಕೊಂಡು, ಇನ್ನೊಂದನ್ನು ಅಂಗಳಕ್ಕೆ ಎಸೆದಳು. "ನನ್ನಿಂದ ಆಗುದಿಲ್ಲ. ನನ್ನ ಮೂಳೆಯೇ ಇಷ್ಟು ಭಾರ," ಎಂದಳು.

ನಾನು ಅಂಗಳಕ್ಕೆ ಇಳಿದು, ನೀರು ತುಂಬಿದ್ದ ಶೂ ಬೋರಲು ಹಾಕಿ ಸುರಿದು, ತಂದು ಅವಳ ಕಾಲಿನ ಹತ್ತಿರ ಇಟ್ಟೆ. ಎಲ್ಲಿ ಅಡಗಿತ್ತೋ ಗೊತ್ತಿಲ್ಲ, ಬಾಯಿಂದ ಸಿಸ್ಟರ್ ಅವರ ಧ್ವನಿ ಬಂತು. "ಶೋಲ್ಡರ್ಸ್ ಬ್ಯಾಕ್. ನೀನು ಬಾರದಿದ್ರೆ ಬೇಡ, ನಾನು ಹೋಗ್ತೇನೆ." ಕೊಡೆ ಬಿಡಿಸಿ ಗೇಟು ದಾಟಿದೆ. ಹಿಂದೆ ತಿರುಗಿ ನೋಡಬಾರದೆಂದು ಹಟ. ಅರ್ಧ ಏರು ಹತ್ತಿ ಎದೆ ಬಡಿದುಕೊಳ್ಳುತ್ತಿದ್ದಾಗ ಹಿಂದಿನಿಂದ ಪಚಕ್ ಪಚಕ್ ಎಂಬ ಶೂ ಶಬ್ದ ಬಂತು, ಪಕ್ಕದಲ್ಲೇ ಹಾದು ಮೇಲೆ ಹೋಯಿತು. ಆ ದಿನ ಗುಡ್ ಮಾರ್ನಿಂಗ್ ಹೇಳಲಿಲ್ಲ ಅವಳು.

ಮೊಂತಿ ಹಬ್ಬ ಬಂತು. ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ಭತ್ತದ ಹಬ್ಬವೂ ಹೌದು. ಇಗರ್ಜಿಯಲ್ಲಿ ಮಂತ್ರಿಸಿದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಸುಲಿದು ಹಾಲಿನಲ್ಲಿ ಬೆರೆಸಿ ಮೊದಲು ಎಲ್ಲರೂ ತಿನ್ನಬೇಕು. ಆಮೇಲೆ ಬಾಳೆಎಲೆಯಲ್ಲಿ ತರಕಾರಿ ಊಟ. ದೂರದಲ್ಲಿ ಇರುವವರ ಪಾಲಿನ ತೆನೆಯನ್ನು ಕವರಿನಲ್ಲಿ ಹಾಕಿ ಪೋಸ್ಟ್ ಮಾಡುತ್ತೇವೆ. ಲವೀನಾಗೆ ಪ್ರತಿ ವರ್ಷ ಕುವೈಟಿಗೆ ಕಳುಹಿಸುವುದು ನಾನೇ. ಹಬ್ಬದ ಮರುದಿನ ಬೆಂಗಳೂರಿಗೆ ಹೊರಡಬೇಕಿತ್ತು. ನಾನು ಕ್ರಮ ತಪ್ಪಿಸಲಿಲ್ಲ, ಬೆಂಡೆ, ಹೀರೆ, ಕೆಸು, ಪಾಯಸ, ಎಲ್ಲ ಮಾಡಿದೆ. ಆದರೆ ಅವಳ ಎಲೆಗೆ ಹೊಸ ಅಕ್ಕಿಯ ಹಾಲು ಒಂದು ಚಮಚ, ಹರಿವೆ ಪಲ್ಯ, ಒಂದು ಸೌಟು ಅನ್ನ. ನನ್ನ ಎಲೆಗೂ ಅಷ್ಟೇ.

ಅವಳು ಪಾಯಸದ ಪಾತ್ರೆಯನ್ನು ನೋಡಿದಳು. "ಉಳಿದದ್ದು?"

"ಉಳಿದದ್ದು ಬಾಕಿ ಉಂಟು. ಭುಜದ ಮೇಲೆ ಸ್ಟಾರ್ ಬಂದ ಮೇಲೆ ಕೊಡ್ತೇನೆ."

"ಮರೆಯುದಿಲ್ಲ ಗ್ರ್ಯಾನಿ, ಆಯ್ತಾ."

ಅವಳ ಪಾಲು ಸುಮತಿಯ ಮನೆಗೆ ಹೋಯಿತು. ಮೂರನೆಯ ದಿನ ಬೆಂಗಳೂರಿನಿಂದ ಫೋನ್. ಈ ಸಲ ಮಳೆ ಇರಲಿಲ್ಲ, ಸ್ಪಷ್ಟವಾಗಿ ಕೇಳಿಸಿತು. "ಫಿಟ್." ನಾನು ಅದನ್ನು ಕೂಡಲೇ ಕುವೈಟಿಗೆ ಹೇಳಿದೆ. ಲವೀನಾ, "ಹಿಮೋಗ್ಲೋಬಿನ್ ಎಷ್ಟಂತೆ?" ಎಂದು ಕೇಳಿದಳು.

ಅಕ್ಟೋಬರಿನಲ್ಲಿ ಹುಡುಗಿ ಚೆನ್ನೈಯ ಅಕಾಡೆಮಿಗೆ ಹೋದಳು. ಮುಂದಿನ ವರ್ಷ ಮೊಂತಿ ಹಬ್ಬ ಕಳೆದ ವಾರವೇ ಅವಳ ಕಮಿಷನಿಂಗ್. ರೋಶನ್‌ಗೆ ರಜೆ ಸಿಗಲಿಲ್ಲ. ಲವೀನಾ ಮಾತ್ರ ಬಂದಳು. "ಫೋಟೋ ತೆಗಿಲಿಕ್ಕೆ ಯಾರಾದ್ರೂ ಬೇಡ್ವಾ?" ಎಂದಳು, ನಾನೇನೂ ಕೇಳದೆ ಇದ್ದರೂ. ಇಬ್ಬರೂ ಮಂಗಳೂರಿನಿಂದ ಟ್ರೈನ್ ಹತ್ತಿದೆವು. ನನ್ನ ಮಡಿಲಲ್ಲಿ ಸ್ಟೀಲ್ ಕ್ಯಾರಿಯರ್, ಅದರಲ್ಲಿ ಬೆಂಡೆ, ಹೀರೆ, ಕೆಸು, ಪಾಯಸ. ಮೇಲಿನ ಡಬ್ಬಿಯಲ್ಲಿ ಭತ್ತದ ತೆನೆ. "ಮಮ್ಮಿ, ತೆಂಗಿನಕಾಯಿ ಹಾಕಿದ್ದು, ಈ ಸೆಕೆಗೆ ನಿಲ್ಲುದಿಲ್ಲ," ಎಂದಳು ಲವೀನಾ. ಬಾಕಿ ಎಂದರೆ ಬಾಕಿ ಎಂದೆ ನಾನು.

ಪರೇಡ್ ಗ್ರೌಂಡಿನಲ್ಲಿ ಅಷ್ಟು ಮಂದಿಯ ನಡುವೆ ನಮ್ಮವಳು ಎಲ್ಲಿ ಎಂದು ನನಗೆ ತಿಳಿಯಲಿಲ್ಲ. ಎಲ್ಲರೂ ಒಂದೇ ಹಾಗೆ, ಒಂದೇ ಭುಜ. ಕೊನೆಯಲ್ಲಿ ಬ್ಯಾಂಡು ನಿಧಾನವಾಯಿತು. ಅವರು ಒಂದು ಗೆರೆಯನ್ನು ದಾಟಿ ನಡೆದರು, ಅದಕ್ಕೆ ಅಂತಿಮ ಹೆಜ್ಜೆ ಎನ್ನುತ್ತಾರೆ. ದಾಟಿದ ಮೇಲೆ ಅವರು ಕೆಡೆಟ್‌ಗಳಲ್ಲ. ಲವೀನಾ ಫೋನನ್ನು ಮೇಲೆ ಹಿಡಿದಿದ್ದಳು, ಬಟನ್ ಒತ್ತಲು ಮರೆತಳು.

ಆಮೇಲೆ ಮನೆಯವರನ್ನು ಒಳಕ್ಕೆ ಕರೆದರು. ಭುಜದ ಮೇಲಿನ ನಕ್ಷತ್ರಗಳನ್ನು ಬಟ್ಟೆಯ ಪಟ್ಟಿಯಿಂದ ಮುಚ್ಚಿರುತ್ತಾರೆ. ಅದನ್ನು ಮನೆಯವರೇ, ಎರಡೂ ಕಡೆಯಲ್ಲಿ ಒಬ್ಬೊಬ್ಬರು ನಿಂತು, ಎಳೆದು ತೆಗೆಯಬೇಕು. ಲವೀನಾ ಬಲಭುಜಕ್ಕೆ ನಿಂತು, ನನ್ನನ್ನು ಎಡಕ್ಕೆ ತಳ್ಳಿದಳು. ಹತ್ತಿರದಿಂದ ನೋಡಿದೆ. ಬಿಸಿಲಿಗೆ ಕಪ್ಪಾದ ಮುಖ, ಕೆನ್ನೆಯೇ ಇಲ್ಲ.

"ಎಷ್ಟು ಸಪೂರ ಆಗಿದ್ದಿ ಪುತಾ!" ಎಂದುಬಿಟ್ಟೆ.

ಅಟೆನ್ಷನ್‌ನಲ್ಲಿ ನಿಂತವಳು ತುಟಿ ಅಲುಗಿಸದೆ, "ಗ್ರ್ಯಾನಿ, ಪ್ಲೀಸ್. ಈಗ ತೂಕದ ವಿಷಯ ಬೇಡ," ಎಂದಳು.

ಲವೀನಾಳ ಪಟ್ಟಿ ಒಂದೇ ಎಳೆತಕ್ಕೆ ಬಂತು. ನರ್ಸಿನ ಕೈ. ನನ್ನ ಬೆರಳ ಗಂಟುಗಳು ಆ ಹೊತ್ತಿಗೇ ಕೈಕೊಟ್ಟವು. ಬಟ್ಟೆಯ ತುದಿ ಸಿಗುತ್ತದೆ, ಜಾರುತ್ತದೆ. ಸುತ್ತಲೂ ಚಪ್ಪಾಳೆ ಶುರುವಾಗಿತ್ತು. ಲವೀನಾ ಸಹಾಯಕ್ಕೆ ಕೈ ಚಾಚಿದಳು.

"ಬೇಡ," ಎಂದೆವು ನಾನೂ ಜೆನಿಶಾಳೂ ಒಟ್ಟಿಗೆ.

"ಜೋರಾಗಿ ಎಳೆ ಗ್ರ್ಯಾನಿ. ನನಗೆ ನೋಯುದಿಲ್ಲ."

ಸಿಸ್ಟರ್ ಹೇಳಿದ ಹಾಗೆ ಭುಜ ಹಿಂದಕ್ಕೆ ಮಾಡಿ, ಹಲ್ಲು ಕಚ್ಚಿ ಎಳೆದೆ. ಬಂತು. ಕೆಳಗೆ ಎರಡು ನಕ್ಷತ್ರಗಳು ಬಿಸಿಲಿಗೆ ಹೊಳೆದವು.

ಎಲ್ಲ ಮುಗಿದ ಮೇಲೆ ಒಂದು ಮರದ ಕೆಳಗಿನ ಮೆಟ್ಟಿಲಲ್ಲಿ ಕುಳಿತೆವು. ಅವಳ ಮೊದಲ ಮಾತು, "ಉಳಿದದ್ದು ಎಲ್ಲಿ?"

ಕ್ಯಾರಿಯರ್ ತೆರೆದೆ. ಲವೀನಾ ಹೇಳಿದ್ದೇ ಸರಿ. ಬೆಂಡೆ ಹಳಸಿತ್ತು, ಹೀರೆ ಹಳಸಿತ್ತು, ಪಾಯಸದ ಮೇಲೆ ಗುಳ್ಳೆ ಎದ್ದಿತ್ತು. ಒಂದು ವರ್ಷ ಕಾದ ಊಟ. ನನಗೆ ಅಳುವೇ ಬಂತು. ಜೆನಿಶಾ ಒಂದೊಂದೇ ಡಬ್ಬಿಯನ್ನು ಮೂಸಿ, ಮುಚ್ಚಿ, ಪಕ್ಕಕ್ಕೆ ಇಟ್ಟಳು. ಮೇಲಿನ ಡಬ್ಬಿಯ ತೆನೆಗೆ ಏನೂ ಆಗಿರಲಿಲ್ಲ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಉಗುರಿನಿಂದ ಒಂದೊಂದೇ ಕಾಳು ಸುಲಿದು, ಮೊದಲು ನನ್ನ ಬಾಯಿಗೆ, ಆಮೇಲೆ ಅಮ್ಮನ ಬಾಯಿಗೆ, ಕೊನೆಗೆ ತಾನು ಹಾಕಿಕೊಂಡಳು. ಹಾಲಿಲ್ಲ, ಸಕ್ಕರೆ ಇಲ್ಲ, ಹಸಿ ಅಕ್ಕಿ. ಮೂವರೂ ಕಟಕಟ ಅಗಿದೆವು.

"ಮಮ್ಮಿ, ಪ್ರತಿ ವರ್ಷ ಇದು ಕವರಿನಲ್ಲಿ ಬರುವಾಗ ನಾನು ಅಲ್ಲಿ ಅಳು ಯಾರಿಗೂ ಕಾಣದ ಹಾಗೆ ಬಾತ್‌ರೂಮಿನಲ್ಲಿ ಕೂತು ತಿನ್ನುದು, ಗೊತ್ತುಂಟಾ?" ಎಂದಳು ಲವೀನಾ. ನನಗೆ ಗೊತ್ತಿರಲಿಲ್ಲ. "ಇನ್ನು ಎರಡು ಕವರ್ ಮಾಡ್ಬೇಕು ನೀನು."

ಜೆನಿಶಾ ಎದ್ದು ನಿಂತಳು. ತುಟಿಯ ತುದಿಯಲ್ಲಿ ಭತ್ತದ ಹೊಟ್ಟು ಅಂಟಿತ್ತು. ಲವೀನಾ ಸೀರೆಯ ಸೆರಗನ್ನು ನಾಲಿಗೆಗೆ ತಾಗಿಸಿ, ಒರೆಸಲು ಕೈ ಎತ್ತಿದಳು. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಜೂನಿಯರ್ ಕೆಡೆಟ್ ಒಬ್ಬಳು ನೆಲಕ್ಕೆ ಹಿಮ್ಮಡಿ ಬಡಿದು ಸಲ್ಯೂಟ್ ಮಾಡಿದಳು. ಲವೀನಾಳ ಕೈ ಗಾಳಿಯಲ್ಲೇ ನಿಂತಿತು. ನನ್ನ ಮೊಮ್ಮಗಳು ಭುಜ ನೆಟ್ಟಗೆ ಮಾಡಿ, ತುಟಿಯ ಮೇಲಿನ ಹೊಟ್ಟಿನ ಸಮೇತ, ಆ ಸಲ್ಯೂಟನ್ನು ಹಿಂತಿರುಗಿಸಿದಳು.